ದೊಡ್ಡ ಡ್ರಮ್ಮಿನ ಸಾಲು

ಫೆಬ್ರವರಿ ೪

ಅಣ್ಣನಿಗೆ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ನಾಲ್ಕನೇ ತರಗತಿ ಬಿಟ್ಟ ಮೇಲೆ ನಾನು ಪೆನ್ನು ಹಿಡಿದದ್ದು ಲಾಂಡ್ರಿಯ ಬಟ್ಟೆಗಳಿಗೆ ಚೀಟಿ ಬರೆಯಲು ಮಾತ್ರ. ಒತ್ತು ಎಲ್ಲಿ, ದೀರ್ಘ ಎಲ್ಲಿ ಎಂದು ಈಗಲೂ ಗೊಂದಲವಾಗುತ್ತದೆ. ತಪ್ಪು ಕಂಡಲ್ಲಿ ನೀನೇ ಸರಿಮಾಡಿಕೊಂಡು ಓದು. ನಗಬೇಡ. ನಕ್ಕರೂ ನನಗೇನೂ ಕಾಣುವುದಿಲ್ಲ, ಅದು ಬೇರೆ ಮಾತು.

ಫೋನ್ ಮಾಡಬಹುದಿತ್ತು. ಆದರೆ ಅಂಗಡಿಯ ಫೋನಿನ ಹಿಂದೆ ಜನ ನಿಂತಿರುತ್ತಾರೆ, ನಿನ್ನ ಗ್ಯಾರೇಜಿನಲ್ಲಿ ಯಾರೋ ಎತ್ತಿಕೊಂಡು "ಯಾರು? ಗಟ್ಟಿಯಾಗಿ ಹೇಳಿ!" ಎಂದು ಕೂಗುತ್ತಾರೆ. ನಾನು ಫೋನ್ ಇಟ್ಟುಬಿಡುತ್ತೇನೆ. ನಿನಗೆ ಗೊತ್ತಲ್ಲ.

ಅಪ್ಪನ ವಿಷಯ ಬ್ಯಾಂಡಿನ ತುತ್ತೂರಿ ಮಾವ ನಿನಗೆ ಹೇಳಿದ್ದಾರಂತೆ. "ಹೇಳ್ದೆ ಮಗಳೇ. 'ಸರಿ' ಅಂದ, ಫೋನ್ ಇಟ್ಟ" ಅಂದರು. ಅವರು ಎಲ್ಲ ಹೇಳಿದರೋ ಇಲ್ಲವೋ ಎಂದು ನಾನೂ ಬರೆಯುತ್ತಿದ್ದೇನೆ. ಅಪ್ಪ ಬ್ಯಾಂಡಿನ ಕೋಣೆಯಲ್ಲಿ ದೊಡ್ಡ ಡ್ರಮ್ಮಿನ ಪಟ್ಟಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದಾಗ ಲಕ್ವ ಹೊಡೆದು ಬಿದ್ದರು. ಡ್ರಮ್ಮು ಉರುಳಿಕೊಂಡು ಬಾಗಿಲ ತನಕ ಹೋಗಿ ನಿಂತಿತಂತೆ, ಅದಕ್ಕೆ ಒಂದು ಗೀರೂ ಆಗಿಲ್ಲ. ಅಪ್ಪನ ಬಲಗೈ, ಬಲಗಾಲು ಎರಡೂ ಹೋದವು. ಮಾತೂ ಹೋಯಿತು. ಕಿವಿ ಕೇಳುತ್ತದೆ, ಬುದ್ಧಿ ಸರಿಯಾಗಿದೆ, ಮಾತು ಮಾತ್ರ ಮತ್ತೆ ಬರುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಇನ್ನೊಮ್ಮೆ ಹೊಡೆದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದೂ ಹೇಳಿದರು.

ಈಗ ನಾನು ಬರೆಯಲು ಕೂತ ವಿಷಯಕ್ಕೆ ಬರುತ್ತೇನೆ. ಅಪ್ಪ ಎಡಗೈಯಲ್ಲಿ ಮಂಚದ ಕಬ್ಬಿಣದ ಸರಳನ್ನು ತಟ್ಟುತ್ತಾರೆ. ದಿನವಿಡೀ ಅಲ್ಲ. ಬೆಳಿಗ್ಗೆ ತಿಂಡಿ ಆದ ಮೇಲೆ ಒಂದಷ್ಟು ಹೊತ್ತು, ಸಂಜೆ ನಾನು ಕೆಲಸದಿಂದ ಬಂದ ಮೇಲೆ ಒಂದಷ್ಟು ಹೊತ್ತು. ಅಮ್ಮ ಪ್ರತಿ ಸಲವೂ ಓಡಿಬರುತ್ತಾಳೆ. "ನೀರು ಬೇಕೇನ್ರೀ? ದಿಂಬು ಎತ್ತರ ಮಾಡ್ಲಾ? ಸೊಳ್ಳೆ ಕಚ್ತಾ?" ಅಪ್ಪ ತಲೆ ಅಲ್ಲಾಡಿಸಿ ಮತ್ತೆ ತಟ್ಟುತ್ತಾರೆ. ಮೊನ್ನೆ ಅಮ್ಮನಿಗೂ ಸಾಕಾಗಿ, "ಮಾತಿದ್ದಾಗ್ಲೂ ಏನು ಬೇಕು ಅಂತ ಹೇಳ್ದವರಲ್ಲ, ಈಗ ನಾನು ಹೇಗೆ ತಿಳ್ಕೊಳ್ಲಿ" ಎಂದು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಅದು ಕೈಯ ಚಟ. ಕೋಳಿ ತಲೆ ಕತ್ತರಿಸಿದ್ರೂ ಓಡಲ್ವಾ, ಹಾಗೆ" ಎಂದರು ತುತ್ತೂರಿ ಮಾವ. ಅವರಿಗೆ ಕೆಟ್ಟ ಮನಸ್ಸಿಲ್ಲ, ಬಾಯಿ ಹಾಗೆ.

ನನಗೆ ಚಟ ಅನ್ನಿಸುವುದಿಲ್ಲ. ಪ್ರತಿ ದಿನವೂ ಒಂದೇ ರೀತಿ ತಟ್ಟುತ್ತಾರೆ. ನೀನು ಹೊಡೆತಗಳನ್ನು ಕಾಗದದಲ್ಲಿ ಬರೆಯುತ್ತಿದ್ದೆಯಲ್ಲ, ಅಪ್ಪ ಆ ಹಾಳೆಗಳನ್ನು ಟೀ ಒಲೆಗೆ ಹಾಕಿದ ದಿನ ನಾನು ಊಟದ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಒಂದೊಂದು ಹೊಡೆತಕ್ಕೆ ಒಂದೊಂದು ಇಂಟು ಗುರುತು ಹಾಕುತ್ತಿದ್ದದ್ದು ನನಗೆ ನೆನಪಿದೆ. ಹಾಗೇ ಬರೆದಿದ್ದೇನೆ.

x x x x x

ಆಮೇಲೆ ಮತ್ತೆ ಇದೇ. ಇದು ಏನು ಅಣ್ಣ? ಅಪ್ಪ ನಿನ್ನನ್ನು ಕರೆಯುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಒಮ್ಮೆ ಬಂದು ಹೋಗು.

ನಿನ್ನ ತಂಗಿ

*

ಫೆಬ್ರವರಿ ೧೫

ಗುಬ್ಬಿ,

ನಿನ್ನ ಅಕ್ಷರ ಚೆನ್ನಾಗಿಯೇ ಇದೆ. ನಮ್ಮ ಗ್ಯಾರೇಜಿನ ಯಜಮಾನರು ಬರೆಯುವ ಬಿಲ್ಲನ್ನು ನೋಡಿದರೆ ನಿನಗೆ ಧೈರ್ಯ ಬರುತ್ತದೆ.

ಐದು ಇಂಟು ಗುರುತು ಕಳಿಸಿದ್ದೀಯ. ಐದು ಸಲ ಯಾರು ಬೇಕಾದರೂ ತಟ್ಟಬಹುದು. ಬಾಗಿಲು ತಟ್ಟಿದರೂ ಐದೇ. ಇದರಿಂದ ಏನೂ ತಿಳಿಯುವುದಿಲ್ಲ. ಹೊಡೆದದ್ದನ್ನು ಮಾತ್ರ ಬರೆದಿದ್ದೀಯ, ಹೊಡೆಯದೆ ಬಿಟ್ಟದ್ದನ್ನು ಬರೆದಿಲ್ಲ.

ಹೇಳುತ್ತೇನೆ ಕೇಳು. ಹಾಳೆಯ ಮೇಲೆ ಎಂಟು ಮನೆ ಇವೆ ಅಂದುಕೋ, ಕುಂಟೆಬಿಲ್ಲೆಗೆ ಗೆರೆ ಎಳೆದ ಹಾಗೆ. ಬಾಯಲ್ಲಿ ಒಂದೇ ಓಟದಲ್ಲಿ ಒಂದರಿಂದ ಎಂಟರ ತನಕ ಎಣಿಸು, ಎಲ್ಲೂ ನಿಲ್ಲಬೇಡ, ಎಲ್ಲೂ ಓಡಬೇಡ. ಯಾವ ಎಣಿಕೆಯ ಮೇಲೆ ಹೊಡೆತ ಬಿತ್ತೋ ಆ ಮನೆಯಲ್ಲಿ ಇಂಟು. ಬೀಳದಿದ್ದರೆ ಅಡ್ಡಗೆರೆ. ಖಾಲಿ ಮನೆಯೂ ಹೊಡೆತದಷ್ಟೇ ಜಾಗ ತಿನ್ನುತ್ತದೆ. ಎಂಟು ಮುಗಿದರೆ ಒಂದು ನಿಂತ ಗೆರೆ ಎಳೆದು ಮುಂದಿನ ಎಂಟಕ್ಕೆ ಹೋಗು. ಸಾಲಿನ ಮೊದಲಲ್ಲಿ ಯಾವ ಡ್ರಮ್ಮು ಎಂದು ಬರಿ: ದೊಡ್ಡದಕ್ಕೆ ದೊ, ಸಣ್ಣದಕ್ಕೆ ಸ. ಇಷ್ಟೇ. ಇದಕ್ಕೆ ನಾಲ್ಕನೇ ತರಗತಿಯೂ ಬೇಡ.

ಬರುವ ವಿಷಯ. ಬ್ಯಾಂಡಿನವರೆಲ್ಲರ ಎದುರು ಅಪ್ಪ ಹೇಳಿದ್ದು ನೀನೂ ಕೇಳಿದ್ದೀಯ. "ಕಾಗದ ನೋಡಿ ಹೊಡೆಯೋನು ಡ್ರಮ್ಮರ್ ಅಲ್ಲ, ಗುಮಾಸ್ತ. ತಾಳ ಕೈಯಲ್ಲಿರ್ಬೇಕು." ನಾನು, "ನೀವು ಹೋದ ದಿನ ಅದೂ ನಿಮ್ಮ ಜೊತೆ ಹೋಗುತ್ತೆ" ಎಂದೆ. "ಹೋಗ್ಲಿ. ನೀನೂ ಹೋಗು" ಎಂದರು. ಗುಮಾಸ್ತ ಮೂರು ವರ್ಷದಿಂದ ಟಯರಿಗೆ ಪ್ಯಾಚು ಹಾಕುತ್ತಿದ್ದಾನೆ, ಯಾರೂ ಅವನನ್ನು ಕರೆದಿಲ್ಲ. ಕರೆದರೆ ಬರುತ್ತೇನೆ. ಕರೆದರು ಎಂದು ನಿನಗೆ ಅನ್ನಿಸಿದರೆ ಸಾಲದು.

ಅಮ್ಮನ ಮೊಣಕಾಲು ಹೇಗಿದೆ?

ಅಣ್ಣ

*

ಫೆಬ್ರವರಿ ೨೪

ಅಣ್ಣನಿಗೆ,

ಅಮ್ಮನ ಮೊಣಕಾಲು ಹಾಗೇ ಇದೆ. ನೀನು ಕೇಳಿದೆ ಎಂದು ಹೇಳಿದೆ. "ಮೊಣಕಾಲು ಕೇಳ್ತಾನಾ? ಬಂದು ನೋಡ್ಲಿ" ಅಂದಳು.

ಮನೆಗಳ ಲೆಕ್ಕ ಕಲಿಯುತ್ತಿದ್ದೇನೆ. ಅಪ್ಪನ ಮೇಲೆ ಕಲಿಯಲು ಹೆದರಿಕೆಯಾಗಿ ಮೊದಲು ಲಾಂಡ್ರಿಯಲ್ಲಿ ಕಲಿತೆ. ಅಲ್ಲಿ ಹಾಸಿಗೆ ಬಟ್ಟೆ ಹಿಂಡುವ ದೊಡ್ಡ ಯಂತ್ರವಿದೆ. ಅದರ ಹೊಟ್ಟೆಯಲ್ಲಿ ಏನೋ ಸಡಿಲವಾಗಿ ಒಂದೇ ಸಮನೆ ಧಡ್ ಧಡ್ ಎನ್ನುತ್ತದೆ. ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅದನ್ನು ಬರೆದೆ. ಪಕ್ಕದ ಮೇಜಿನ ಇಸ್ತ್ರಿ ಅಕ್ಕ ಬಗ್ಗಿ ನೋಡಿದರು.

"ಇದೇನೇ, ಚೌಕಾಬಾರಾನಾ?"

"ಯಂತ್ರದ ಸದ್ದು ಬರೀತಿದ್ದೀನಿ ಅಕ್ಕಾ."

"ಅಯ್ಯೋ! ಹೆಣ್ಣು ನೋಡೋಕೆ ಬಂದವರು 'ಹುಡುಗಿ ಏನೇನು ಕಲ್ತಿದ್ದಾಳೆ' ಅಂದ್ರೆ 'ಯಂತ್ರದ ಸದ್ದು ಬರೀತಾಳೆ' ಅಂತ ನಾನೇ ಹೇಳ್ತೀನಿ ಬಿಡು."

ಎಲ್ಲರೂ ನಕ್ಕರು. ನನಗೆ ಕಿವಿ ಕೆಂಪಾಯಿತು, ಆದರೂ ಅಳಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರೇ ಇಸ್ತ್ರಿಪೆಟ್ಟಿಗೆಯನ್ನು ಮೇಜಿಗೆ ಕುಕ್ಕಿ ಕುಕ್ಕಿ, "ಬರಿ ನೋಡೋಣ ಇದನ್ನ" ಎಂದು ಶುರುಮಾಡಿದರು. ಬರೆದೆ. ಬರೆದದ್ದನ್ನು ನೋಡಿ ನಾನು ತಟ್ಟಿ ತೋರಿಸಿದೆ. "ಹೌದಲ್ವೇ!" ಎಂದರು. ಮೇಲ್ವಿಚಾರಕಿ ಬಂದು ಇಬ್ಬರಿಗೂ ಬೈದರು.

ಇಷ್ಟೆಲ್ಲ ಆದರೂ ಅಪ್ಪನ ಎದುರು ಕೂತರೆ ತಪ್ಪಿಹೋಗುತ್ತದೆ. ಯಂತ್ರಕ್ಕೆ ಶುರು ಎಲ್ಲಿ ಎಂಬ ಚಿಂತೆಯಿಲ್ಲ. ಅಪ್ಪ ತಟ್ಟುವಾಗ ಒಂದನೇ ಮನೆ ಯಾವುದು ಎಂದೇ ತಿಳಿಯುವುದಿಲ್ಲ. ನಾನು ಒಂದು ಎಂದಾಗ ಅವರು ಮೂರರಲ್ಲಿದ್ದಾರೋ ಏಳರಲ್ಲಿದ್ದಾರೋ. ನಿನ್ನೆ ನನ್ನ ಬಾಯಿ ಅಲ್ಲಾಡುವುದನ್ನು ಅಪ್ಪ ನೋಡಿದರು. ನಾನು ಎಣಿಸುತ್ತಿದ್ದೇನೆ ಎಂದು ಗೊತ್ತಾಯಿತೋ ಏನೋ, ಹಾಳೆಯನ್ನೂ ನೋಡಿದರು. ಬೈಯುತ್ತಾರೆ ಎಂದು ನಾನು ಹಾಳೆಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಮಾತೇ ಇಲ್ಲದವರು ಬೈಯುವುದು ಹೇಗೆ, ಅದು ನನಗೆ ಆಮೇಲೆ ಹೊಳೆಯಿತು.

ಒಂದನೇ ಮನೆ ಹುಡುಕುವುದು ಹೇಗೆ, ಹೇಳು.

ನಿನ್ನ ತಂಗಿ

*

ಮಾರ್ಚ್ ೩

ಗುಬ್ಬಿ,

ಕೈ ನೋಡಬೇಡ. ಗದ್ದ ನೋಡು. ಅಪ್ಪ ಒಂದನೇ ಹೊಡೆತಕ್ಕೆ ಗದ್ದ ಕೆಳಗೆ ಇಳಿಸುತ್ತಾರೆ. ಯಾವಾಗಲೂ ಹಾಗೆಯೇ. ರಸ್ತೆಯಲ್ಲಿ ನಡೆಯುವಾಗ ನಾನು ಅವರ ಎಡಗಡೆ ಇರುತ್ತಿದ್ದೆ, ಡ್ರಮ್ಮು ಅಡ್ಡ ಬಂದು ಕೈ ಕಾಣುತ್ತಿರಲಿಲ್ಲ. ಹತ್ತು ವರ್ಷ ಆ ಗದ್ದ ನೋಡಿಕೊಂಡೇ ಹೊಡೆದಿದ್ದೇನೆ.

ಅಣ್ಣ

*

ಮಾರ್ಚ್ ೯

ಅಣ್ಣನಿಗೆ,

ಸಿಕ್ಕಿತು. ಗದ್ದ ಇಳಿಯುತ್ತದೆ. ಈಗ ಮುಖದ ಒಂದು ಕಡೆ ಜೋತುಬಿದ್ದಿದೆ, ಆದರೂ ಇಳಿಯುತ್ತದೆ. ಮೂರು ಸಂಜೆ ಕೂತು ಬರೆದು, ಬರೆದದ್ದನ್ನು ನೋಡಿಕೊಂಡು ಅವರ ಜೊತೆಗೇ ಎಣಿಸಿ, ಒಂದೂ ತಪ್ಪಲಿಲ್ಲ ಎಂದು ಖಾತ್ರಿಯಾದ ಮೇಲೆ ಕಳಿಸುತ್ತಿದ್ದೇನೆ.

ದೊ | x - - x - - - - | x - - x - - x - |

ಆಮೇಲೆ ಮತ್ತೆ ಮೊದಲಿನಿಂದ. ನಾನು ಮೊದಲು ಬರೆದ ಐದು ಇಂಟು ಇದೇ. ಖಾಲಿ ಮನೆಗಳು ಇಷ್ಟು ಇವೆ ಎಂದು ಬರೆದಾಗಲೇ ಗೊತ್ತಾದದ್ದು.

ಒಂದು ವಿಷಯ ಇಂಟು, ಗೆರೆಗಳಲ್ಲಿ ಬರೆಯಲು ಬರಲಿಲ್ಲ, ಅದಕ್ಕೆ ಮಾತಿನಲ್ಲಿ ಹೇಳುತ್ತೇನೆ. ಮೊದಲ ಎಂಟರ ಕೊನೆಗೆ ನಾಲ್ಕು ಖಾಲಿ ಮನೆ ಇವೆಯಲ್ಲ, ಅಲ್ಲಿ ಅಪ್ಪ ಕೈ ಇಳಿಸುವುದಿಲ್ಲ. ಸುಸ್ತಾಗಿ ನಿಲ್ಲಿಸಿದರೆ ಕೈ ಹಾಸಿಗೆಯ ಮೇಲೆ ಬೀಳಬೇಕು. ಬೀಳುವುದಿಲ್ಲ. ಸರಳಿನ ಮೇಲೆ ಗಾಳಿಯಲ್ಲೇ ಹಿಡಿದಿರುತ್ತಾರೆ. ಆಮೇಲೆ ಗದ್ದ ಇಳಿಸಿ ಮುಂದಿನದು.

ಅಮ್ಮನಿಗೆ ಹಾಳೆ ತೋರಿಸಿದೆ. ಇಂಟು ಗುರುತನ್ನು ಬೆರಳಿಂದ ಮುಟ್ಟಿದಳು. "ಇದು ನೀರು ಅಲ್ಲ ಹಾಗಾದ್ರೆ" ಅಂದಳು. "ಅಲ್ಲಮ್ಮ." "ಅಷ್ಟು ತಿಳಿದ್ರೆ ಸಾಕು. ಇನ್ಮೇಲೆ ಲೋಟ ಹಿಡ್ಕೊಂಡು ಹೋಗಿ ಅವರಿಗೆ ಕಾಟ ಕೊಡಲ್ಲ."

ನಿನಗೆ ಇದು ಏನೆಂದು ಗೊತ್ತಾದರೆ ಬೇಗ ಬರಿ.

ನಿನ್ನ ತಂಗಿ

*

ಮಾರ್ಚ್ ೩೦

ಗುಬ್ಬಿ,

ನಿನ್ನ ಕಾಗದ ಬಂದು ಎರಡು ವಾರಕ್ಕೂ ಮೇಲಾಯಿತು. ಉತ್ತರ ಬರೆಯಲು ಮೂರು ಸಲ ಕೂತು ಎದ್ದೆ.

ಅದು ಅಪ್ಪನ ತಾಳ ಅಲ್ಲ. ನನ್ನದು. ಅವರು ಒಲೆಗೆ ಹಾಕಿದ ಹಾಳೆಯಲ್ಲಿ ಇದ್ದದ್ದು. ಎರಡು ಡ್ರಮ್ಮಿಗೆ ಬರೆದಿದ್ದೆ, ಒಂದರ ಖಾಲಿ ಮನೆಯಲ್ಲಿ ಇನ್ನೊಂದು ಬರುವ ಹಾಗೆ. ನೀನು ಕಳಿಸಿದ್ದು ದೊಡ್ಡ ಡ್ರಮ್ಮಿನ ಸಾಲು. ಅಪ್ಪ ಅದನ್ನು ಒಂದು ಸಲವೂ ಹೊಡೆದವರಲ್ಲ. ಅವರು ಟೀ ಕುಡಿಯಲು ಹೊರಗೆ ಹೋದಾಗ ತುತ್ತೂರಿ ಮಾವನ ಕೈಗೆ ಕೋಲು ಕೊಟ್ಟು ನಾವಿಬ್ಬರೇ ಹೊಡೆದು ನೋಡುತ್ತಿದ್ದೆವು. ಗೋಡೆಯ ಆಚೆಯಿಂದ ಕೇಳಿಸಿಕೊಂಡಿರಬೇಕು. ಕೇಳಿ, ಕೈಗೆ ಹತ್ತಿಸಿಕೊಂಡು, ಒಳಗೆ ಬಂದು ಹಾಳೆ ಸುಟ್ಟಿದ್ದಾರೆ.

ಮೊದಮೊದಲು ನಾನು ನಂಬಲಿಲ್ಲ. ನನಗೆ ಬೇಕಾದದ್ದನ್ನೇ ನಾನು ಓದಿಕೊಳ್ಳುತ್ತಿದ್ದೇನೆ ಅಂದುಕೊಂಡೆ. ಆದರೆ ಆ ನಾಲ್ಕು ಖಾಲಿ ಮನೆ ನಮ್ಮ ಬ್ಯಾಂಡಿನ ಬೇರೆ ಯಾವ ತಾಳದಲ್ಲೂ ಇಲ್ಲ. ಅಲ್ಲಿ ಸಣ್ಣ ಡ್ರಮ್ಮು ಒಂಟಿಯಾಗಿ ಬರಬೇಕು. ಅದಕ್ಕೇ ಅವರು ಕೈ ಇಳಿಸದೆ ಹಿಡಿದಿರುವುದು.

ಬರುತ್ತೇನೆ. ಆದರೆ ಈಗಿಂದೀಗಲೇ ಅಲ್ಲ. ಹೋದ ವಾರ ಡ್ರಮ್ಮಿನ ಕಡ್ಡಿಗಳನ್ನು ತೆಗೆದು ಹೊಡೆದು ನೋಡಿದೆ. ಮೂರು ವರ್ಷ ಟಯರು ಬಿಚ್ಚಿ ಬಿಚ್ಚಿ ಮಣಿಕಟ್ಟು ಮರದ ಹಾಗಾಗಿದೆ. ಬೆರಳು ಮಾತು ಕೇಳುವುದಿಲ್ಲ. ನನ್ನ ತಾಳ ನನಗೇ ಹೊಡೆಯಲು ಬರಲಿಲ್ಲ. ಇಂಥ ಕೈ ಹೊತ್ತುಕೊಂಡು ಅಪ್ಪನ ಮುಂದೆ ಹೇಗೆ ಕೂರಲಿ? ಅವರು ಅಷ್ಟು ಚೊಕ್ಕವಾಗಿ ಹೊಡೆಯುತ್ತಿರುವಾಗ ನಾನು ಹೋಗಿ ಎಡವಿದರೆ? ಎರಡೇ ಎರಡು ವಾರ ಕೊಡು. ಕೆಲಸ ಮುಗಿದ ಮೇಲೆ ದಿನಾ ಹಳೇ ಟಯರಿನ ಮೇಲೆ ಹೊಡೆಯುತ್ತಿದ್ದೇನೆ. ಯಜಮಾನರು "ಟಯರಿಗೆ ಜೀವ ಬರಿಸ್ತಿದ್ದೀಯೇನಪ್ಪಾ" ಎಂದು ಕೇಳಿದರು.

ಅಲ್ಲಿಯ ತನಕ ನನ್ನ ಸಣ್ಣ ಡ್ರಮ್ಮಿನ ಸಾಲನ್ನು ನೀನು ಹೊಡಿ. ಅಪ್ಪ ಒಬ್ಬರೇ ಹೊಡೆಯುವುದು ಬೇಡ. ಇದನ್ನು ಅವರ ಸಾಲಿನ ಕೆಳಗೆ ಇಟ್ಟುಕೊಂಡು ಓದು.

ದೊ | x - - x - - - - | x - - x - - x - |
ಸ | - - x - x x x - | - x x - x x - x |

ಅಣ್ಣ

*

ಏಪ್ರಿಲ್ ೬

ಅಣ್ಣನಿಗೆ,

ನಿನ್ನ ಕಾಗದವನ್ನು ಅಮ್ಮನಿಗೂ ಅಪ್ಪನಿಗೂ ಓದಿ ಹೇಳಿದೆ. ಅಪ್ಪನಿಗೆ ಓದುವಾಗ ಹಾಳೆ ಸುಟ್ಟ ಮಾತು ಬಿಟ್ಟು ಓದಿದೆ. "ಅಣ್ಣ ಬರ್ತಾನಪ್ಪ" ಎಂದು ಕೊನೆಗೆ ಹೇಳಿದೆ. ಅಪ್ಪ ಕಣ್ಣು ಮುಚ್ಚಿಕೊಂಡರು. ಅಮ್ಮ ಅಂದಿನಿಂದ ನಿನ್ನ ಹೊದಿಕೆಯನ್ನು ದಿನಾ ಬಿಸಿಲಿಗೆ ಹಾಕಿ ದಿನಾ ಮಡಚುತ್ತಿದ್ದಾಳೆ.

ನಾನು ಡಬ್ಬಿಯ ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಿಂದ ಹೊಡೆದೆ. ಮೊದಲ ದಿನ ಅಪ್ಪನ ಹೊಡೆತದ ಮೇಲೇ ನನ್ನದೂ ಬಿದ್ದು ಎರಡೂ ಕೆಟ್ಟವು. ಅಪ್ಪ ನನ್ನ ಕಡೆ ನೋಡಿದ ನೋಟ ಹೇಗಿತ್ತು ಗೊತ್ತಾ, ಹಿಂದೆ ನಾನು ಬ್ಯಾಂಡಿನವರ ಕೋಟಿನ ಗುಂಡಿಯನ್ನು ತಲೆಕೆಳಗು ಹೊಲಿದಾಗ ನೋಡಿದ ಹಾಗೆಯೇ. ನನಗೆ ನಗು ಬಂತು. ಅವರ ಬಾಯಿಯ ಸರಿಯಿರುವ ಕಡೆಯೂ ಸ್ವಲ್ಪ ಎದ್ದಿತು. ಅಮ್ಮ ಬಾಗಿಲಲ್ಲಿ ನಿಂತು, "ಅಪ್ಪ ಮಗಳು ಸೇರಿ ಮನೇನ ಪಾತ್ರೆ ಅಂಗಡಿ ಮಾಡಿ" ಎಂದು ಬೈದಳು. ಬೈದರೂ ಒಳಗೆ ಹೋಗಲಿಲ್ಲ.

ಮೂರನೆಯ ದಿನಕ್ಕೆ ಮೊದಲ ಎಂಟು ಮನೆ ಸರಿಬಂತು. ಎರಡನೆಯ ಎಂಟರಲ್ಲಿ ನಾನು ಈಗಲೂ ಮುಂಚೆಯೇ ನುಗ್ಗಿಬಿಡುತ್ತೇನೆ.

ಅಣ್ಣ, ನೀನು ಈಗಲೇ ಬಾ. ಕೈ ಸರಿಯಾಗಲಿ ಎಂದು ಕಾಯಬೇಡ. ಅಪ್ಪನಿಗೆ ಇರುವುದು ಒಂದೇ ಕೈ, ಅದೂ ಎಡಗೈ. ನೀನು ಎಡವಿದರೆ ಅವರು ಯಾರಿಗೆ ಹೇಳುತ್ತಾರೆ? ನನ್ನಂಥವಳ ಜೊತೆ ಹೊಡೆಯುವವರು ನಿನ್ನ ಜೊತೆ ಹೊಡೆಯುವುದಿಲ್ಲವೇ? ಕೈ ನೋಡಿಕೊಳ್ಳಲು ಮನೆಯಲ್ಲೂ ಆಗುತ್ತದೆ. ಇಲ್ಲೂ ಟಯರು ಸಿಗುತ್ತದೆ.

ನಿನ್ನ ತಂಗಿ

*

ಏಪ್ರಿಲ್ ೧೧

ಅಣ್ಣನಿಗೆ,

ಹೆಚ್ಚು ಬರೆಯಲು ಆಗುತ್ತಿಲ್ಲ. ಮೊನ್ನೆ ಅಪ್ಪ ತಟ್ಟಿದ್ದು ಹೀಗಿತ್ತು.

ದೊ | x - - x - - - - | x - - - - - - - |

ಇವತ್ತು ಹೀಗೆ.

ದೊ | x - - - - - - - | x - - - - - - - |

ತಪ್ಪಾಗಿ ಬರೆದಿಲ್ಲ. ಗದ್ದ ನೋಡಿಯೇ ಬರೆದಿದ್ದೇನೆ. ಎಣಿಕೆ ತಪ್ಪಿಲ್ಲ ಅವರಿಗೆ, ಕೈ ಏಳುತ್ತಿಲ್ಲ. ಡಾಕ್ಟರು ಬಂದಿದ್ದರು. ಅಮ್ಮನನ್ನು ಹೊರಗೆ ಕರೆದು ಮಾತಾಡಿದರು. ಫೋನ್ ಮಾಡಲು ತುತ್ತೂರಿ ಮಾವ ಎರಡು ಸಲ ಹೋದರು, ಗ್ಯಾರೇಜಿನ ಫೋನು ಕೆಟ್ಟಿದೆಯಂತೆ. ಇದು ಕೈಸೇರಿದ ಕೂಡಲೇ ಹೊರಡು.

ನಿನ್ನ ತಂಗಿ

*

ಏಪ್ರಿಲ್ ೧೩

ಗುಬ್ಬಿ,

ಬಂತು! ಕೈ ಬಂತು! ನಿನ್ನೆ ಸಂಜೆ ಮೊದಲಿನಿಂದ ಕೊನೆಯ ತನಕ ಒಂದು ಕಡೆಯೂ ಎಡವದೆ ಹೊಡೆದೆ, ಯಜಮಾನರು ಸ್ಪ್ಯಾನರಿನಲ್ಲಿ ಅಪ್ಪನ ಸಾಲು ಹೊಡೆದರು. ಅವರಿಗೆ ಕಲಿಸುವಷ್ಟರಲ್ಲಿ ಸಾಕುಸಾಕಾಯಿತು. "ನಿಮ್ಮಪ್ಪ ಇಷ್ಟು ಬಿಟ್ಟು ಬಿಟ್ಟು ಯಾಕೆ ಹೊಡೀತಾರೆ, ಜಿಪುಣರಾ?" ಎಂದರು.

ಹತ್ತೊಂಬತ್ತಕ್ಕೆ ರೈಲು, ಇಪ್ಪತ್ತರ ಮಧ್ಯಾಹ್ನ ಮನೆಯಲ್ಲಿರುತ್ತೇನೆ. ನಿನ್ನ ಆರನೇ ತಾರೀಕಿನ ಕಾಗದ ಬಂದಿದೆ. ನೀನು ಹೇಳಿದ್ದು ಸರಿಯೇ ಇರಬಹುದು, ಆದರೆ ಕೈ ಇನ್ನಷ್ಟು ಪಳಗಲಿ, ಇನ್ನೊಂದು ವಾರ ಅಷ್ಟೇ. ಅಪ್ಪನ ಎಡಗಡೆ ಒಂದು ಸ್ಟೂಲು ಹಾಕಿಡು. ನಾನು ಯಾವಾಗಲೂ ಎಡಗಡೆಯೇ.

ಎರಡನೆಯ ಎಂಟರಲ್ಲಿ ನುಗ್ಗಬೇಡ. ಅಲ್ಲಿ ಒಂದನೇ ಮನೆ ಅಪ್ಪನದು, ಆಮೇಲೆ ನಿನ್ನದು.

ಅಣ್ಣ

*

ಮೇ ೧೧

ಅಣ್ಣನಿಗೆ,

ನೀನು ಕ್ಷೇಮವಾಗಿ ತಲುಪಿದ ಸುದ್ದಿ ಮಾವನ ಫೋನಿನಿಂದ ತಿಳಿಯಿತು. ಅಮ್ಮ ಊಟ ಮಾಡುತ್ತಿದ್ದಾಳೆ. ನಾನು ಕೆಲಸಕ್ಕೆ ಹೋಗುತ್ತಿದ್ದೇನೆ. ಇಸ್ತ್ರಿ ಅಕ್ಕ ನನ್ನ ಪಾಲಿನ ಹಾಸಿಗೆ ಬಟ್ಟೆಗಳನ್ನೂ ಒಂದು ವಾರ ತಾವೇ ಮಾಡಿ ಮುಗಿಸಿದರು. ಒಂದು ತಮಾಷೆಯೂ ಮಾಡಲಿಲ್ಲ.

ನೀನು ಮನೆಯಲ್ಲಿದ್ದ ಐದು ದಿನವೂ ಅಪ್ಪನ ಖಾಲಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತೇ ಇದ್ದೆ. ಅಮ್ಮ "ಎದ್ದು ಏನಾದ್ರೂ ತಿನ್ನೋ" ಎಂದರೆ "ಹೂಂ" ಅನ್ನುತ್ತಿದ್ದೆ, ಏಳುತ್ತಿರಲಿಲ್ಲ. ಹೊರಡುವ ದಿನ ರೈಲಿನ ಕಿಟಕಿಯಿಂದ ಬಗ್ಗಿ ಒಂದೇ ಮಾತು ಕೇಳಿದೆ. "ನಾನು ಬರ್ತೀನಿ ಅಂತ ಅವರಿಗೆ ಗೊತ್ತಿತ್ತಾ?" ಅಷ್ಟರಲ್ಲಿ ರೈಲು ಹೋಯಿತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ.

ಅವತ್ತು ಏಪ್ರಿಲ್ ಹದಿನೈದನೆಯ ತಾರೀಕು. ಮಧ್ಯಾಹ್ನ ನಾನು ಬೇಗ ಬಂದಿದ್ದೆ. ಅಮ್ಮ ಅಪ್ಪನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಮುಚ್ಚಳ, ಚಮಚ ತೆಗೆದುಕೊಂಡು ಕೂತೆ. "ಅಣ್ಣ ಬರ್ತಾನಪ್ಪ" ಎಂದು ಎಂದಿನಂತೆ ಹೇಳಿದೆ. ಯಾವಾಗ ಎಂದು ನನಗೇ ಗೊತ್ತಿರಲಿಲ್ಲ. ನಿನ್ನ ಕಾಗದ, ರೈಲಿನ ತಾರೀಕು ಇದ್ದದ್ದು, ಎಲ್ಲ ಮುಗಿದ ಮೇಲೆ ಬಂತು. ಅದನ್ನು ಅಮ್ಮನಿಗೆ ಓದಿ ಹೇಳಿದವಳು ನಾನೇ. ಸ್ಟೂಲಿನ ಮಾತು ಬಂದಾಗ ಅಮ್ಮ ಎದ್ದು ಹೋಗಿ ಸ್ಟೂಲು ತಂದು ಖಾಲಿ ಮಂಚದ ಎಡಗಡೆ ಇಟ್ಟಳು. ಇಪ್ಪತ್ತಕ್ಕೆ ನೀನು ಬಂದಾಗ ಅದು ಅಲ್ಲಿದ್ದದ್ದು ಅದಕ್ಕೆ.

ಅಪ್ಪ ಗದ್ದ ಇಳಿಸಿದರು. ಒಂದು ಹೊಡೆತ. ಆಮೇಲೆ ಕೈ ಸರಳಿನ ಮೇಲೆಯೇ ಉಳಿಯಿತು. ನಾನು ನಿನ್ನ ಸಾಲನ್ನು ಹೊಡೆಯುತ್ತಾ ಹೋದೆ. ಎರಡನೆಯ ಎಂಟಕ್ಕೆ ಬಂದಾಗ ಎಂದಿನಂತೆ ಮುಂಚೆಯೇ ನುಗ್ಗಿದೆ. ಅಪ್ಪ ತಲೆ ಅಲ್ಲಾಡಿಸಿದರು. ಮತ್ತೆ ಹೊಡೆದೆ, ಮತ್ತೆ ನುಗ್ಗಿದೆ. ಆಗ ಅವರ ಕೈ ಸರಳು ಬಿಟ್ಟು ನಿಧಾನವಾಗಿ ಬಂತು. ಚಮಚ ಹಿಡಿದಿದ್ದ ನನ್ನ ಮಣಿಕಟ್ಟಿನ ಮೇಲೆ ಬೆರಳು ಇಟ್ಟರು. ಗದ್ದ ಇಳಿಸಿ, ಒಂದನೇ ಮನೆಯಲ್ಲಿ ನನ್ನ ಕೈಯನ್ನು ಅದುಮಿ ಹಿಡಿದು, ಆಮೇಲೆ ತಟ್ಟಿದರು. ಎರಡು, ಮೂರು. ಖಾಲಿ. ಐದು, ಆರು. ಖಾಲಿ. ಎಂಟು. ಅದು ನಿನ್ನ ಸಾಲು ಅಣ್ಣ. ದೊಡ್ಡ ಡ್ರಮ್ಮಿನದಲ್ಲ. ನೀನು ಅಪ್ಪನಿಗೆ ಎಂದೂ ಕಲಿಸದ ಸಾಲನ್ನು ಅವರು ನನ್ನ ಮಣಿಕಟ್ಟಿನ ಮೇಲೆ ಒಂದೂ ತಪ್ಪದೆ ಹೊಡೆದರು.

ಆಮೇಲೆ ಬೆರಳು ಅಲ್ಲೇ ಇತ್ತು. ಇನ್ನೊಮ್ಮೆ ಹೊಡೆಯುತ್ತಾರೆ ಎಂದು ನಾನು ಎಣಿಸುತ್ತಿದ್ದೆ. ಎಂಟಾಯಿತು, ಮತ್ತೆ ಒಂದರಿಂದ ಎಣಿಸಿದೆ. ಗದ್ದ ಇಳಿಯಲಿ ಎಂದು ಕಾಯುತ್ತಾ ಎಣಿಸುತ್ತಲೇ ಇದ್ದೆ. ಅಮ್ಮನೇ ಮೊದಲು ತಿಳಿದುಕೊಂಡಳು. ಎಣ್ಣೆಯ ಬಟ್ಟಲು ಕೆಳಗಿಟ್ಟು, "ಸಾಕು ಮಗಳೇ, ನಿಲ್ಸು" ಎಂದಳು. ನಾನು ಎಣಿಸುತ್ತಿದ್ದದ್ದು ಬಾಯಿಬಿಟ್ಟು ಎಂದು ಆಗ ಗೊತ್ತಾಯಿತು.

ನೀನು ಬರುತ್ತೀಯ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ದಿನಾ ಹೇಳಿದ್ದೆ, ಅವರು ನಂಬಿದರೋ ಇಲ್ಲವೋ ಹೇಳಲಾರೆ. ನೀನು ಬಂದಿದ್ದರೆ ಏನು ಹೊಡೆಯಬೇಕಿತ್ತು ಎನ್ನುವುದು ಮಾತ್ರ ಅವರಿಗೆ ಗೊತ್ತಿತ್ತು.

ಅಮ್ಮ ನಿನ್ನ ತಡದ ಬಗ್ಗೆ ಯಾರ ಮುಂದೆಯೂ ಒಂದು ಮಾತು ಆಡಿಲ್ಲ. ನೆಂಟರೊಬ್ಬರು ಶುರುಮಾಡಿದಾಗ "ನನ್ನ ಮಗ ಕೈ ಸರಿಮಾಡ್ಕೊಳ್ತಿದ್ದ, ಮೋಜು ಮಾಡ್ತಿರ್ಲಿಲ್ಲ" ಎಂದು ಬಾಯಿ ಮುಚ್ಚಿಸಿದಳು. ನಾನೂ ಯಾರ ಮುಂದೆಯೂ ಹೇಳುವುದಿಲ್ಲ. ನಿನಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ನಿನಗೆ ಸುಳ್ಳು ಬರೆಯಲು ನನ್ನಿಂದ ಆಗುವುದಿಲ್ಲ. ನೀನು ಆ ಕೆಟ್ಟ ಕೈಯಲ್ಲೇ ಬರಬೇಕಿತ್ತು. ಇದನ್ನು ಒಂದು ಸಲ ಬರೆದಿದ್ದೇನೆ, ಇನ್ನು ಬರೆಯುವುದಿಲ್ಲ. ನೀನು ಕಾಗದ ಬರೆಯುವುದು ನಿಲ್ಲಿಸಬೇಡ.

ಹೊರಡುವಾಗ "ಡ್ರಮ್ಮನ್ನ ಯಾರಿಗಾದ್ರೂ ಕೊಟ್ಬಿಡಿ" ಎಂದಿದ್ದೆ. ಬ್ಯಾಂಡಿನವರು ಅದನ್ನು ಮನೆಗೆ ತಂದು ಇಟ್ಟುಹೋದರು. ಅಪ್ಪನ ಶವದ ಹಿಂದೆ ನಡೆದ ದಿನ ಬ್ಯಾಂಡಿನವರು ಅದನ್ನು ಯಾರ ಹೆಗಲಿಗೂ ಹಾಕಲಿಲ್ಲವಂತೆ. ನಾನು ಇನ್ನೂ ಯಾರಿಗೂ ಕೊಟ್ಟಿಲ್ಲ. ಹೊಡೆಯದ ಡ್ರಮ್ಮನ್ನು ಬಿಗಿಯಾಗಿಯೇ ಇಟ್ಟರೆ ಈ ಸೆಕೆಗೆ ಚರ್ಮ ಸೀಳಿಹೋಗುತ್ತದೆ ಎಂದು ತುತ್ತೂರಿ ಮಾವ ಹೇಳಿದರು. ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅದರ ಸುತ್ತಲಿನ ತಿರುಪುಗಳನ್ನು ಸಡಿಲ ಮಾಡಿದೆ, ಇತ್ತ ಒಂದು, ಅದರ ಎದುರಿನದು ಒಂದು, ಮಾವ ತೋರಿಸಿದ ಹಾಗೆ. ಕೊನೆಯದನ್ನು ತಿರುಗಿಸುವಾಗ ಮೊಣಕೈ ತಾಗಿ ಚರ್ಮ ಒಂದು ಸಲ ಮೆಲ್ಲಗೆ ಸದ್ದು ಮಾಡಿತು. ಅಡುಗೆಮನೆಯಿಂದ ಅಮ್ಮ "ಏನ್ರೀ?" ಎಂದಳು. ನಾನು ಚರ್ಮದ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸಿದೆ. "ನಾನಮ್ಮ" ಎಂದೆ.

ನಿನ್ನ ತಂಗಿ